ಜರ್ಮನಿಯಿಂದ ತರಿಸಿದ ಕಮಾನು

ನನ್ನ ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವಳು. ಈ ಮಾತನ್ನು ಮಸ್ಕತ್ತಿನಲ್ಲಿ ಯಾರೆದುರೂ ಆಡಬಾರದೆಂದು, ನಾನು ಇಲ್ಲಿಗೆ ಬಂದ ಮೊದಲ ವಾರವೇ ನನ್ನ ಗಂಡ ಹೇಳಿಬಿಟ್ಟಿದ್ದರು. ಯಾರಾದರೂ ಕೇಳಿದರೆ ಅಮ್ಮ ಮನೆಯಲ್ಲೇ ಇದ್ದಾಳೆ ಅಂದರೆ ಸಾಕಂತೆ. ಅದು ಸುಳ್ಳಂತೂ ಅಲ್ಲ. ಬೀಡಿ ಕಟ್ಟುವವರು ಮನೆಯಲ್ಲೇ ಇರುತ್ತಾರೆ, ಬೆಳಗಿನಿಂದ ಕತ್ತಲಾಗುವವರೆಗೆ ಜಗಲಿಯ ಒಂದೇ ಮೂಲೆಯಲ್ಲಿ, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು. ತಡ್ಪೆ ಅಂದರೆ ನಮ್ಮ ತುಳುವಿನಲ್ಲಿ ಮೊರ. ಅದರಲ್ಲಿ ಒಂದು ಕಡೆ ಕತ್ತರಿಸಿದ ಎಲೆ, ಇನ್ನೊಂದು ಕಡೆ ತಂಬಾಕಿನ ಪುಡಿ, ಬದಿಗೆ ನೂಲಿನ ಉಂಡೆ. ಅಳತೆಯ ತಗಡು ಇಟ್ಟು ಎಲೆ ಕತ್ತರಿಸುವ ಕೆಲಸ ನನ್ನದಾಗಿತ್ತು. ಎಂಟನೆಯ ವಯಸ್ಸಿಗೆ ನನ್ನ ಕೈ ನಡುಗುವುದನ್ನು ಬಿಟ್ಟಿತ್ತು.

ಆ ಕೈಯನ್ನು ಮೊದಲು ಮೆಚ್ಚಿದವರು ಮಸ್ಕತ್ತಿನ ಅಲ್ ಅಜೈಬಾದಲ್ಲಿ ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿದ್ದ ಜರ್ಮನ್ ಹೆಂಗಸು. ಗಂಡ ತೀರಿಹೋಗಿ, ಕೂದಲು ಪೂರ್ತಿ ಬೆಳ್ಳಗಾದ ಮೇಲೂ ಯಾವುದೋ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡಿಕೊಂಡಿದ್ದವರು. ನಮ್ಮ ಪರಿಚಯವಾದದ್ದು ಜಗಳಕ್ಕೆ ಹೋಗಿ. ಮಧ್ಯಾಹ್ನ ಮಗಳನ್ನು ಮಲಗಿಸಿದೆ ಎನ್ನುವಷ್ಟರಲ್ಲಿ ಕೆಳಗಿನಿಂದ ಡ್ರ್‌ರ್ ಎಂದು ಸದ್ದು ಶುರುವಾಗುತ್ತಿತ್ತು. ನಾಲ್ಕು ದಿನ ಸಹಿಸಿ, ಐದನೆಯ ದಿನ ಮಗುವನ್ನು ಸೊಂಟಕ್ಕೆ ಏರಿಸಿಕೊಂಡೇ ಹೋಗಿ ಬಾಗಿಲು ಬಡಿದೆ. ಹುಬ್ಬಿನ ಮೇಲೆಲ್ಲ ಮರದ ಹುಡಿ ಕೂತ ಮುದುಕಿ ಬಾಗಿಲು ತೆರೆದು, ನಾನು ಬಾಯಿ ತೆರೆಯುವ ಮೊದಲೇ "ಸದ್ದು ಅಲ್ಲವೇ? ಒಳಗೆ ಬಾ, ಏನು ಸದ್ದು ಅಂತ ನೋಡು" ಎಂದರು. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ. ಅವರದೂ ಹರಕು, ನನ್ನದೂ ಹರಕು, ಹಾಗಾಗಿ ಯಾರಿಗೂ ನಾಚಿಕೆಯಿರಲಿಲ್ಲ.

ಒಳಗೆ ಮೇಜಿನ ಮೇಲೆ ಸ್ಕ್ರೋಲ್ ಸಾ ಎಂಬ ಸಣ್ಣ ಗರಗಸದ ಮೆಷಿನ್ ಇತ್ತು. ನೋಡಲು ಹೊಲಿಗೆ ಮೆಷಿನ್ನಿನ ಹಾಗೆ. ದಾರಕ್ಕಿಂತ ಸ್ವಲ್ಪ ದಪ್ಪದ ಬ್ಲೇಡು ಒಂದೇ ಕಡೆ ನಿಂತು ಮೇಲೆ ಕೆಳಗೆ ಆಡುತ್ತದೆ, ತಿರುಗಿಸಬೇಕಾದದ್ದು ಮರವನ್ನು. ಅದರಲ್ಲಿ ಅವರು ತೆಳುವಾದ ಪ್ಲೈವುಡ್ಡನ್ನು ಜಾಲರಿಯ ಹಾಗೆ ಕೊರೆದು ಅರ್ಧಚಂದ್ರದ ಆಕಾರದ ಒಂದು ಕಮಾನು ಮಾಡುತ್ತಿದ್ದರು. ಕಮಾನಿನ ಒಳಗೆ ಮನುಷ್ಯರು, ಮರಗಳು, ಮೇಲಿನ ಅಂಚಿನಲ್ಲಿ ಸಾಲಾಗಿ ಏಳು ಮೇಣದಬತ್ತಿಗಳಿಗೆ ಜಾಗ. ಶ್ವಿಬ್‌ಬೋಗನ್ ಅಂತ ಹೆಸರು ಹೇಳಿದರು. ನನಗೆ ಅದು ಥೇಟ್ ದೇವರ ಹಿಂದೆ ಇಡುವ ಪ್ರಭಾವಳಿಯ ಹಾಗೆ ಕಂಡಿತು. "ಇದರ ಮುಂದೆ ಇಡುವ ದೇವರು ಎಲ್ಲಿ?" ಎಂದು ಕೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ದೇವರಿಲ್ಲವಂತೆ. ಅವರ ಊರು ಗುಡ್ಡದ ಮೇಲಿನ ಗಣಿಗಳ ಊರು. ಚಳಿಗಾಲದಲ್ಲಿ ಗಂಡಸರು ಬೆಳಗಾಗುವ ಮೊದಲೇ ಗಣಿಗೆ ಇಳಿದರೆ ಮೇಲೆ ಬರುವುದು ಸೂರ್ಯ ಮುಳುಗಿದ ಮೇಲೆ. ತಿಂಗಳುಗಟ್ಟಲೆ ಬೆಳಕನ್ನೇ ಕಾಣದವರಿಗೆ ದಾರಿಯುದ್ದಕ್ಕೂ ಕಿಟಕಿ ಕಿಟಕಿಯಲ್ಲಿ ಈ ದೀಪದ ಕಮಾನು ಇಡುತ್ತಿದ್ದರಂತೆ. ಕ್ರಿಸ್‌ಮಸ್‌ಗೆ ನಾಲ್ಕು ವಾರ ಮೊದಲೇ ಇಡಬೇಕು, ಮತ್ತು ಮುಖ ಹೊರಗೆ ಮಾಡಿ ಇಡಬೇಕು. ಒಳಗಿದ್ದವರಿಗೆ ಕಾಣುವುದು ಅದರ ಬೆನ್ನು, ಈಗೀಗ ಮೇಣದಬತ್ತಿಯ ಬದಲು ಹಾಕುವ ಬಲ್ಬಿನ ವಯರು.

ಆಮೇಲಿನ ಮೂರು ವರ್ಷ, ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲಂತೂ ದಿನಾ ಬೆಳಿಗ್ಗೆ, ಅವರಿಗೆ ಡ್ಯೂಟಿ ಇಲ್ಲದಾಗಲೆಲ್ಲ ನಾನು ಕೆಳಗೆ. ಕಾಗದದ ನಕ್ಷೆ ಅಂಟಿಸುವುದು, ಕೊರೆಯಬೇಕಾದ ಪ್ರತಿ ಕಿಂಡಿಗೂ ಒಂದು ತೂತು ಹಾಕುವುದು, ಆ ತೂತಿನಲ್ಲಿ ಬ್ಲೇಡು ಪೋಣಿಸಿ ಬಿಗಿಯುವುದು, ಕೊರೆದು ಮತ್ತೆ ಬಿಚ್ಚುವುದು. ಒಂದು ಕಮಾನಿಗೆ ನೂರಾರು ಕಿಂಡಿ. ಒಳಗಿನದ್ದೆಲ್ಲ ಮೊದಲು, ಹೊರಗಿನ ಅಂಚು ಕಟ್ಟಕಡೆಗೆ. ಅಂಚು ಮೊದಲು ಕತ್ತರಿಸಿದರೆ ಒಳಗಿನದ್ದು ನಡುಗಿ ಮುರಿಯುತ್ತದೆ. ಆತುರಪಟ್ಟು ಮರವನ್ನು ದೂಡಿದೆಯೋ, ಬ್ಲೇಡು ಟಣ್ ಎಂದು ತುಂಡಾಗುತ್ತದೆ. ಮೊದಲ ತಿಂಗಳು ನಾನು ಮುರಿದ ಬ್ಲೇಡುಗಳನ್ನು ಅವರು ಒಂದು ಜಾಮ್ ಬಾಟಲಿಯಲ್ಲಿ ಹಾಕಿ ಕಿಟಕಿಯಲ್ಲಿ ಇಟ್ಟಿದ್ದರು, ನಾನು ಬಂದಾಗಲೆಲ್ಲ ಕಣ್ಣಿಗೆ ಬೀಳಲಿ ಎಂದು. ಒಳ್ಳೆಯ ಹೆಂಗಸೇನೋ ಹೌದು, ಆದರೆ ಮೆತ್ತಗಿನ ಹೆಂಗಸಲ್ಲ.

ಒಂದು ವಿಷಯದಲ್ಲಿ ಅವರದು ಹಟ. ಕೆಲಸ ಮುಗಿದ ಮೇಲೆ ಪೀಠದ ಅಡಿಯಲ್ಲಿ ಮಾಡಿದವರ ಹೆಸರು ಬೀಳಲೇಬೇಕು. ಪೆನ್ನಿನಲ್ಲಲ್ಲ, ಕಾದ ಕಡ್ಡಿಯಿಂದ ಸುಟ್ಟು ಬರೆಯಬೇಕು. ಪೆನ್ನಿನದ್ದು ಅಳಿಸಿಹೋಗುತ್ತದೆ, ಸುಟ್ಟದ್ದು ಮರ ಇರುವವರೆಗೂ ಇರುತ್ತದೆ ಎನ್ನುತ್ತಿದ್ದರು. ಕ್ರಿಸ್‌ಮಸ್‌ಗೆ ತೂಗುಹಾಕಲು ಕೊರೆದ ಮರದ ನಕ್ಷತ್ರ ತೋರಿಸಿ ನಾನು "ಚಿಕ್ಕ ನಕ್ಷತ್ರಕ್ಕೆಲ್ಲ ಹೆಸರೇಕೆ" ಎಂದರೆ ಸಿಟ್ಟು ಬರುತ್ತಿತ್ತು ಅವರಿಗೆ.

ಅವರು ಊರಿಗೆ ಮರಳುವಾಗ ಮೆಷಿನ್ನು, ಬ್ಲೇಡುಗಳ ಡಬ್ಬಿ, ಕಾಯಿಸುವ ಕಡ್ಡಿ ಎಲ್ಲವನ್ನೂ ನಮ್ಮ ಮನೆಗೆ ಏರಿಸಿ ಹೋದರು. ಹೋಗುವ ಮೊದಲು ಇನ್ನೊಂದು ಉಪಕಾರವನ್ನೂ ಮಾಡಿದ್ದರು. ಮಸ್ಕತ್ತಿನಲ್ಲಿರುವ ಕೆಲವು ಜರ್ಮನ್ ಸಂಸಾರಗಳು ಡಿಸೆಂಬರಿನಲ್ಲಿ ಒಂದು ಅಂಗಳದಲ್ಲಿ ಸಣ್ಣ ಸಂತೆ ನಡೆಸುತ್ತಿದ್ದವು. ಅದರಲ್ಲಿ ನನಗೊಂದು ಮೇಜು ಇಡಬೇಕೆಂದು ಹೇಳಿ ಒಪ್ಪಿಸಿದ್ದರು. ಷರತ್ತು ಒಂದೇ, ನಾನೊಬ್ಬಳೇ ಮಾಡಿದ ಒಂದು ದೊಡ್ಡ ಕಮಾನು ಮೇಜಿನ ಮೇಲೆ ಇರಬೇಕು. ಮೇಜಿನ ಎದುರು ನನ್ನ ಹೆಸರಿನ ಚೀಟಿ ಅಂಟಿಸುತ್ತಾರಂತೆ.

ಇದನ್ನು ಓದಿ ನಗುವವರು ನಗಲಿ. ನನ್ನ ಹೆಸರು ಈ ದೇಶದಲ್ಲಿ ಇದ್ದದ್ದು ಎರಡೇ ಕಡೆ. ಗಂಡನ ವೀಸಾದ ಮೇಲೆ ಬಂದವಳು ಎಂದು ನನ್ನ ಕಾರ್ಡಿನಲ್ಲಿ, ಮತ್ತೆ ಮಗಳ ಶಾಲೆಯ ಡೈರಿಯಲ್ಲಿ. ಒಂದು ಮೇಜಿಗೆ ನನ್ನ ಹೆಸರು ಅಂಟುತ್ತದೆ ಎನ್ನುವುದು ನನಗೆ ದೊಡ್ಡ ಸಂಗತಿಯಾಗಿತ್ತು. ಅಷ್ಟೊಂದು ಆಸೆ ಅದಕ್ಕೆ ಮೊದಲು ಯಾವುದರ ಮೇಲೂ ಪಟ್ಟಿರಲಿಲ್ಲ.

ಆ ಕಮಾನಿಗೆ ನಾಲ್ಕು ತಿಂಗಳು ಹಿಡಿಯಿತು. ಆಗ ತರಕಾರಿ ಮಾರ್ಕೆಟ್ ಇನ್ನೂ ಮವಾಲೇಹ್‌ನಲ್ಲೇ ಇತ್ತು. ಶುಕ್ರವಾರ ತರಕಾರಿ ಕಾರಿಗೆ ತುಂಬಿಸಿ, ಅಲ್ಲಿಂದ ಮುಂದಿನ ಮರದ ಅಂಗಡಿಗೆ ಗಂಡನನ್ನು ಪುಸಲಾಯಿಸಿ ಕರೆದೊಯ್ಯುತ್ತಿದ್ದೆ. ಇವರು ಏಸಿ ಹಾಕಿಕೊಂಡು ಕಾರಿನಲ್ಲೇ ಕೂತು ಎರಡು ನಿಮಿಷಕ್ಕೊಮ್ಮೆ ಹಾರ್ನ್ ಮಾಡುವವರು. ಮನೆಯಲ್ಲಿ ಮೆಷಿನ್ನು ಇದ್ದದ್ದು ಬಟ್ಟೆ ಒಗೆಯುವ ಬಾಲ್ಕನಿಯಲ್ಲಿ. ಹಬೆಯಂಥ ಸೆಕೆಯಲ್ಲಿ, ಬೆವರು ನಕ್ಷೆಯ ಮೇಲೆ ಬೀಳದ ಹಾಗೆ ಹಣೆಗೆ ಬೈರಾಸು ಕಟ್ಟಿಕೊಂಡು ಕೊರೆಯುತ್ತಿದ್ದೆ. ಒಂದು ಸಲ, ಒಂದೇ ಸಲ, ಇವರ ಕೈಗೂ ಕೆಲಸ ಕೊಟ್ಟೆ. ಪೀಠದ ಮರಕ್ಕೆ ಸ್ಯಾಂಡ್ ಪೇಪರ್ ಹಾಕಲು. ನಾರು ಹೋದ ದಿಕ್ಕಿನಲ್ಲೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಬೀಳುತ್ತದೆ, ಕೊನೆಗೆ ನಯವಾದ ಹಾಳೆ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ ಇನ್ನೊಂದು ಕೈ ಎಂದೆಲ್ಲ ತೋರಿಸಿದೆ. ಫೋನು ನೋಡುತ್ತಾ ಅಡ್ಡಾದಿಡ್ಡಿ ಉಜ್ಜಿದರು. ಅದನ್ನು ಸರಿಮಾಡಲು ನನಗೆ ಎರಡು ಬೆಳಿಗ್ಗೆ ಬೇಕಾಯಿತು.

ಆ ಜರ್ಮನ್ ಹೆಂಗಸಿನ ಊರಿನ ಕಮಾನಿನಲ್ಲಿ ಸಾಧಾರಣವಾಗಿ ಇಬ್ಬರು ಗಣಿಯವರು, ಒಬ್ಬ ಮರ ಕೆತ್ತುವವನು, ಮಡಿಲಲ್ಲಿ ದಿಂಬು ಇಟ್ಟುಕೊಂಡು ಲೇಸು ಹೆಣೆಯುವ ಒಬ್ಬ ಹೆಂಗಸು ಇರುತ್ತಾರೆ. ನಾನು ಗಣಿಯವರನ್ನು ಇದ್ದ ಹಾಗೆ ಬಿಟ್ಟೆ. ಆ ಹೆಂಗಸನ್ನು ಮಾತ್ರ ಎಬ್ಬಿಸಿ, ಅವಳ ಜಾಗದಲ್ಲಿ ಅಮ್ಮನನ್ನು ಕೂರಿಸಿದೆ. ದಿಂಬಿನ ಬದಲು ತಡ್ಪೆ. ಅದರ ಅಂಚಿನಲ್ಲಿ ಬೀಡಿ ಎಲೆ, ಬದಿಗೆ ನೂಲಿನ ಉಂಡೆ, ಮುಂದಕ್ಕೆ ಬಾಗಿದ ಕುತ್ತಿಗೆ. ಆ ಕುತ್ತಿಗೆಯ ಬಾಗು ಸರಿಬರಲು ನಾಲ್ಕು ತುಂಡು ಮರ ಹಾಳಾಯಿತು. ಕೂದಲಿನ ಗಂಟಿನಿಂದ ಬೆನ್ನಿಗೆ ಇಳಿಯುವ ಆ ಗೆರೆ, ಐದನೆಯ ಸಲ ಒಂದೇ ಉಸಿರಿನಲ್ಲಿ ಕೊರೆದಾಗ, ಬಾಲ್ಕನಿಯಲ್ಲಿ ಒಬ್ಬಳೇ ಕೂತು ಅತ್ತೆ. ಅಮ್ಮ ಸತ್ತಾಗ ರಜೆ ಸಿಗದೆ ಹೋಗಲಾಗದವಳು ನಾನು. ರಜೆ ಸಿಗದ್ದು ನನಗಲ್ಲ, ಇವರಿಗೆ.

ಪೀಠದ ಅಡಿಯಲ್ಲಿ ಕನ್ನಡದಲ್ಲಿ ನನ್ನ ಹೆಸರು ಸುಟ್ಟು ಬರೆದೆ. ಅದರ ಕೆಳಗೆ ಅಜೈಬಾ, ಮಸ್ಕತ್. ಆಳವಾಗಿ, ಒತ್ತಿ ಒತ್ತಿ ಬರೆದೆ.

ಸಂತೆಗೆ ಒಂದು ವಾರ ಇರುವಾಗ, ಬಲ್ಬು ಹಾಕಿ ಪರೀಕ್ಷಿಸಿ, ಮುಖ ರಸ್ತೆಗೆ ಮಾಡಿ ಕಿಟಕಿಯಲ್ಲಿ ಇಟ್ಟಿದ್ದೆ. ಮರುದಿನ ಬೆಳಿಗ್ಗೆ ಮಗಳ ಶಾಲೆಯಲ್ಲಿ ಪೇರೆಂಟ್ಸ್ ಮೀಟಿಂಗ್. ತಲೆನೋವು, ಆಫೀಸಿಗೆ ಸ್ವಲ್ಪ ತಡವಾಗಿ ಹೋಗುತ್ತೇನೆ ಎಂದು ಇವರು ಮನೆಯಲ್ಲೇ ಉಳಿದರು. ಮಧ್ಯಾಹ್ನ ಹಿಂದೆ ಬಂದು ನೋಡಿದರೆ ಕಿಟಕಿಯಲ್ಲಿ ಕಮಾನು ಇಲ್ಲ. ಕಳ್ಳರು ಬಂದರೆಂದೇ ಭಾವಿಸಿ ಆಫೀಸಿಗೆ ಫೋನು ಮಾಡಿದೆ.

"ಕಳ್ಳರೂ ಇಲ್ಲ, ಎಂತದೂ ಇಲ್ಲ. ಮ್ಯಾನೇಜರಿಗೆ ಕೊಟ್ಟೆ," ಎಂದರು.

ನಾವು ಮನೆಯಲ್ಲಿ ಮಾತಾಡುವುದು ತುಳು. ಅಂದಿನ ಮಾತನ್ನು ಕನ್ನಡದಲ್ಲಿ ಬರೆಯುವುದು ನನಗೆ ಸುಲಭ, ತುಳುವಿನಲ್ಲಿ ನೆನಪಿಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

"ಯಾಕೆ ಕೊಟ್ರಿ? ಅದು ಸಂತೆಗೆ ಇಟ್ಟದ್ದಲ್ವಾ?"

"ಅವರ ಹೆಂಡತಿಗೆ ಇಂಥದ್ದೆಲ್ಲ ಹುಚ್ಚು ಮಾರಾಯ್ತಿ. ಫಾರಿನ್ ಸಾಮಾನು ಅಂದ್ರೆ ಜೀವ. ನನ್ನ ಕಾಂಟ್ರಾಕ್ಟ್ ಈ ತಿಂಗಳು ಅವರ ಟೇಬಲ್ಲಿನಲ್ಲಿ ಉಂಟು, ಗೊತ್ತುಂಟಲ್ಲ ನಿಂಗೆ? ಜರ್ಮನಿಯಿಂದ ತರಿಸಿದ್ದು ಅಂತ ಹೇಳಿದ್ದೇನೆ. ನೀನು ಎಲ್ಲಿಯಾದ್ರೂ ಬಾಯಿ ಬಿಡ್ಬೇಡ."

"ನಾನು ಮಾಡಿದ್ದು ಅಂತ ಹೇಳ್ಲಿಕ್ಕೆ ಎಂತ ಆಗಿತ್ತು?"

"ಹೆಂಡತಿ ಬಾಲ್ಕನಿಯಲ್ಲಿ ಕೂತು ಕೊರೆದದ್ದನ್ನು ತಂದು ಕೊಟ್ಟ ಅಂತ ಆಗ್ಬೇಕಾ? ಇನ್ನೊಂದು ಮಾಡಿದ್ರೆ ಆಯ್ತಪ್ಪ. ನಿನ್ನ ಹೆಸರು ಹೇಗೂ ಅಡಿಯಲ್ಲಿ ಉಂಟಲ್ಲ. ಅದನ್ನು ಯಾರು ತೆಗೀತಾರೆ? ಖಲಾಸ್, ನಂಗೆ ಮೀಟಿಂಗ್ ಉಂಟು."

ನಾಲ್ಕು ತಿಂಗಳ ಕೆಲಸವನ್ನು ಒಂದು ವಾರದಲ್ಲಿ ಇನ್ನೊಮ್ಮೆ ಮಾಡಲು ಹೊರಟ ನನ್ನ ಹುಚ್ಚಿಗೆ ಏನೆನ್ನಲಿ? ಅದೇ ಮಧ್ಯಾಹ್ನ ಮೆಷಿನ್ನಿನ ಮುಂದೆ ಕೂತೆ. ನಯವಾದ ಸ್ಯಾಂಡ್ ಪೇಪರಿನ ಹೊಸ ಕಟ್ಟು ಹುಡುಕಿದರೆ ಖಾಲಿ ಲಕೋಟೆ ಸಿಕ್ಕಿತು. ಶಾಲೆಯ ಪ್ರಾಜೆಕ್ಟಿಗೆಂದು ಒಯ್ದಿರಬೇಕೆಂದು ಮಗಳ ಮೇಲೆ ಹರಿಹಾಯ್ದೆ. "ಐ ಡಿಡಂಟ್ ಟಚ್ ಇಟ್, ಅಮ್ಮಾ" ಎಂದಳು. ಸುಳ್ಳು ಬೇರೆ ಹೇಳುತ್ತೀಯಾ ಎಂದು ಬೆನ್ನಿಗೊಂದು ಕೊಟ್ಟೆ. ಅವಳ ಮೇಲೆ ನಾನು ಅದಕ್ಕೆ ಮೊದಲು ಕೈ ಎತ್ತಿದವಳಲ್ಲ. ಮೂರನೆಯ ದಿನಕ್ಕೆ ಬ್ಲೇಡುಗಳೂ ಒಂದೊಂದಾಗಿ ಮುರಿದು ಮುಗಿದವು. ಸಂತೆ ನಡೆಸುವವರಿಗೆ ಫೋನು ಮಾಡಿ, ಹುಷಾರಿಲ್ಲ, ನನ್ನ ಮೇಜನ್ನು ಬೇರೆಯವರಿಗೆ ಕೊಡಿ ಎಂದೆ. ಸಣ್ಣ ನಕ್ಷತ್ರಗಳನ್ನು ಇಟ್ಟುಕೊಂಡಾದರೂ ಹೋಗಬಹುದಿತ್ತೆಂದು ಈಗ ಅನ್ನಿಸುತ್ತದೆ. ಆಗ ಸಿಟ್ಟೇ ದೊಡ್ಡದಾಗಿತ್ತು. ಮುಂದಿನ ವರ್ಷದಿಂದ ಆ ಸಂತೆಯೇ ನಿಂತುಹೋಯಿತು.

ಇವರ ಕಾಂಟ್ರಾಕ್ಟ್ ಮುಂದುವರಿಯಿತು. ಕಮಾನಿನಿಂದಲೋ, ಇವರ ಕೆಲಸದಿಂದಲೋ, ನಾನು ಕೇಳಲಿಲ್ಲ. ಜನವರಿಯಲ್ಲಿ ಮ್ಯಾನೇಜರರ ಮನೆಯಲ್ಲಿ ಹೊಸ ವರ್ಷದ ಊಟಕ್ಕೆ ಕರೆದರು. ಬರುವುದಿಲ್ಲ ಎಂದೆ. "ಬಾರದಿದ್ರೆ ಎಂತ ಹೇಳ್ಲಿ ಅವರಿಗೆ?" ಎಂದು ಇವರು ಮುಖ ಸಣ್ಣದು ಮಾಡಿದರು. ಹೋದೆ, ಒಳ್ಳೆಯ ಸೀರೆಯನ್ನೇ ಉಟ್ಟುಕೊಂಡು ಹೋದೆ.

ಕಮಾನು ಅವರ ಹಾಲ್‌ನಲ್ಲಿದ್ದ ಗಾಜಿನ ಕಪಾಟಿನ ಮೇಲಿತ್ತು. ಕಿಟಕಿಯಲ್ಲಲ್ಲ, ಗೋಡೆಗೆ ಬೆನ್ನು ಹಾಕಿ, ಸೋಫಾದಲ್ಲಿ ಕೂತವರಿಗೆ ಕಾಣುವ ಹಾಗೆ. ಮ್ಯಾನೇಜರರ ಹೆಂಡತಿ ಉತ್ತರದ ಕಡೆಯವರು, ಮಾತೆಲ್ಲ ಹಿಂದಿ. ಹೆಂಗಸರನ್ನೆಲ್ಲ ಕರೆದು ತೋರಿಸಿದರು. "ಇದು ಜರ್ಮನಿಯದ್ದು. ಫಿನಿಶಿಂಗ್ ನೋಡಿ. ನಮ್ಮವರ ಕೈಯಲ್ಲಿ ಇದೆಲ್ಲ ಆಗುತ್ತದಾ?" ಎಂದರು. ಆಮೇಲೆ ಉದ್ದ ಉಗುರಿನ ಬೆರಳಿನಿಂದ ಅಮ್ಮನ ಬೆನ್ನನ್ನು ಮುಟ್ಟಿ, "ಇವಳು ಲೇಸು ಹೆಣೆಯುವವಳು. ಅಲ್ಲಿ ರಾಣಿಯರೂ ಲೇಸು ಹೆಣೆಯುತ್ತಿದ್ದರಂತೆ" ಎಂದರು.

ಎಲ್ಲರೂ ಬಾಗಿ ನೋಡಿದರು. ಅವರಲ್ಲಿ ಇಬ್ಬರು ನಮ್ಮ ಕಡೆಯವರೇ. ತಡ್ಪೆಯನ್ನು, ಎಲೆಯನ್ನು, ನೂಲಿನ ಉಂಡೆಯನ್ನು ಕಂಡ ಕೂಡಲೇ ಅವರ ಕಣ್ಣಲ್ಲಿ ಏನೋ ಹಾದುಹೋಯಿತು. ಆದರೆ ಅವರೂ ಬಾಯಿ ಬಿಡಲಿಲ್ಲ. ಅವರ ಅಮ್ಮಂದಿರೂ ಇಲ್ಲಿ ಬರೀ ಮನೆಯಲ್ಲಿರುವವರೇ ಇರಬೇಕು.

ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದೆ. ಎತ್ತಿ, ಮಗುಚಿ, ಅಡಿಯ ಹೆಸರು ಓದಿ ಹೇಳಿದರೆ ಮುಗಿಯಿತು. ಇವರು ಆ ತುದಿಯಿಂದ ನನ್ನನ್ನೇ ನೋಡುತ್ತಿದ್ದರು, ಕೈಯಲ್ಲಿ ಹಿಡಿದ ತಟ್ಟೆ ಓರೆಯಾದದ್ದು ಕೂಡ ಗೊತ್ತಿಲ್ಲದೆ. ಆ ಮುಖ ನೋಡಿ ಪಾಪ ಅನ್ನಿಸಿತು. ಹೆಸರು ಅಡಿಯಲ್ಲಿ ಇದ್ದೇ ಇದೆ, ಇವತ್ತಲ್ಲದಿದ್ದರೆ ಮುಂದೊಂದು ದಿನ ಧೂಳು ಒರೆಸುವಾಗಲಾದರೂ ಯಾರೋ ನೋಡುತ್ತಾರೆ ಎಂದುಕೊಂಡೆ. "ಬಹಳ ಚೆನ್ನಾಗಿದೆ," ಎಂದೆ ಹಿಂದಿಯಲ್ಲಿ. ನನ್ನ ಕೆಲಸವನ್ನು ನಾನೇ ಹೊರಗಿನವಳ ಹಾಗೆ ಹೊಗಳಿ, ಅವರ ಪಲಾವು ತಿಂದು ಬಂದೆ.

ಆಮೇಲಿನ ವರ್ಷಗಳಲ್ಲಿ ನನಗೆ ಸಮಾಧಾನ ಬೇಕಾದಾಗಲೆಲ್ಲ ಆ ಪೀಠದ ಅಡಿಯನ್ನೇ ನೆನೆದುಕೊಳ್ಳುತ್ತಿದ್ದೆ. ಮೆಷಿನ್ನಿನ ಮೇಲೆ ಇಸ್ತ್ರಿ ಮಾಡದ ಬಟ್ಟೆಯ ರಾಶಿ ಬೆಳೆಯಿತು. ಜರ್ಮನಿಯಿಂದ ಆ ಹೆಂಗಸು ವಾಟ್ಸಾಪಿನಲ್ಲಿ ಕೇಳುತ್ತಿದ್ದರು, ಹೊಸತು ಏನು ಕೊರೆದೆ ಎಂದು. ಕಣ್ಣು ನೋವು, ಮಗಳ ಪರೀಕ್ಷೆ ಎಂದು ಏನಾದರೊಂದು ಬರೆಯುತ್ತಿದ್ದೆ. ಅವರಿಗೆ ನಿಜ ಹೇಳಲು ಇವತ್ತಿಗೂ ಮುಖವಿಲ್ಲ.

ಹೋದ ಬೇಸಿಗೆಯಲ್ಲಿ ಮ್ಯಾನೇಜರರಿಗೆ ದೋಹಾಕ್ಕೆ ವರ್ಗವಾಯಿತು. ಅವರ ಹೆಂಡತಿ ನನಗೇ ಫೋನು ಮಾಡಿದರು. ಸಾಮಾನೆಲ್ಲ ಹಂಚುತ್ತಿದ್ದಾರಂತೆ. "ಆ ದಿನ ನೀವು ಆ ಜರ್ಮನ್ ದೀಪವನ್ನು ಎಷ್ಟು ಆಸೆಯಿಂದ ನೋಡುತ್ತಿದ್ದಿರಿ, ನನಗೆ ನೆನಪಿದೆ. ನೀವೇ ಇಟ್ಟುಕೊಳ್ಳಿ," ಎಂದರು. ನಾನು ಥ್ಯಾಂಕ್ಸ್ ಹೇಳಿದೆ. ಬೇರೆ ಏನು ಹೇಳುವುದಿತ್ತು?

ಕಂಪನಿಯ ಡ್ರೈವರ್ ಬೆಳಿಗ್ಗೆ ಹನ್ನೊಂದಕ್ಕೆ ರಟ್ಟಿನ ಪೆಟ್ಟಿಗೆಯೊಂದನ್ನು ಬಾಗಿಲಲ್ಲಿಟ್ಟು ಹೋದ. ಎರಡು ಹೂಕುಂಡ, ಒಂದು ಹಳೆಯ ಕುಕ್ಕರ್, ಹಳೇ ಪತ್ರಿಕೆಯಲ್ಲಿ ಸುತ್ತಿದ ಕಮಾನು. ಏಳು ಬಲ್ಬುಗಳಲ್ಲಿ ಎರಡು ಇರಲಿಲ್ಲ. ತಡ್ಪೆಯ ಅಂಚಿನ ಎಲೆ ಮುರಿದಿತ್ತು. ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಧೂಳು ಒರೆಸಿ, ಇಷ್ಟು ವರ್ಷ ಎಣಿಸಿಕೊಂಡೇ ಇದ್ದ ಆ ಹೆಸರನ್ನು ಒಮ್ಮೆ ಕಣ್ಣಾರೆ ನೋಡೋಣವೆಂದು ಪೀಠವನ್ನು ಮಗುಚಿದೆ.

ಏನೂ ಇರಲಿಲ್ಲ.

ಬೇರೆ ಯಾವುದಾದರೂ ಕಮಾನು ಇರಬಹುದೆಂದು ಮತ್ತೆ ಮುಖ ನೋಡಿದೆ. ಅಮ್ಮನ ಕುತ್ತಿಗೆ ಅದೇ. ಮತ್ತೆ ಮಗುಚಿ ಬೆರಳಾಡಿಸಿದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಗೊತ್ತಾಯಿತು, ಹೆಸರು ಇದ್ದ ಜಾಗದಲ್ಲಿ ಸಣ್ಣದೊಂದು ತಗ್ಗು. ಅಷ್ಟು ಆಳ ಸುಟ್ಟದ್ದನ್ನು ತೆಗೆಯಬೇಕಾದರೆ ಒಂದೆರಡು ಗಂಟೆಯಾದರೂ ಕೂತಿರಬೇಕು. ಒಂದೇ ಒಂದು ಅಡ್ಡ ಗೀರಿಲ್ಲ. ನಾರು ಹೋದ ದಿಕ್ಕಿನಲ್ಲೇ ಉಜ್ಜಿ, ನಯವಾದ ಹಾಳೆ ಹಿಡಿದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಇನ್ನೊಂದು ಕೈ ಉಜ್ಜಿದ್ದರು. ಹೇಳಿಕೊಟ್ಟದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಮಗಳು ಕಾಲೇಜಿಗೆ ರಜೆಯೆಂದು ಮನೆಯಲ್ಲೇ ಇದ್ದಳು. ನನ್ನ ಮುಖ ನೋಡಿ "ವಾಟ್ ಹ್ಯಾಪನ್ಡ್?" ಎಂದಳು. "ಆವತ್ತು ಸ್ಯಾಂಡ್ ಪೇಪರ್ ನೀನು ತೆಗೆದದ್ದಲ್ಲ," ಎಂದೆ. ಅವಳಿಗೆ ನೆನಪೇ ಇರಲಿಲ್ಲ. ಯಾವ ಸ್ಯಾಂಡ್ ಪೇಪರ್ ಎಂದು ಕೇಳಿ ಮತ್ತೆ ಫೋನಿಗೆ ತಿರುಗಿದಳು.

ಕಮಾನನ್ನು ಒಯ್ದು ಕಿಟಕಿಯಲ್ಲಿ, ಮೊದಲು ಇಟ್ಟಿದ್ದ ಜಾಗದಲ್ಲೇ, ಮುಖ ರಸ್ತೆಗೆ ಮಾಡಿ ಇಟ್ಟೆ. ದೀಪ ಹಾಕಲಿಲ್ಲ. ಸಂಜೆ ಐದೂವರೆಗೆ ಇವರ ಕಾರು ಬಂತು. ಇಳಿದವರು ತಲೆಯೆತ್ತಿ ಕಿಟಕಿ ನೋಡಿ, ಕಾರಿನ ಬಾಗಿಲು ಹಿಡಿದುಕೊಂಡು ಅಲ್ಲೇ ನಿಂತರು. ಮೇಲೆ ಬರಲು ಬಹಳ ಹೊತ್ತು ಮಾಡಿದರು.

"ಅದು ಎಲ್ಲಿಂದ ಬಂತು?" ಎಂದರು, ಶೂ ಬಿಚ್ಚಲು ಬಗ್ಗಿ, ನನ್ನ ಮುಖ ನೋಡದೆ.

"ಜರ್ಮನಿಯಿಂದ ತರಿಸಿದೆ," ಎಂದೆ.